ಹಿಂದಿನಿಂದ ನೂಕುವವನು

ದೊಡ್ಡಳಿಯನಿಗೆ ಆ ಕರೆಂಟ್ ಎಂಜಿನ್ ಕಂಡರೆ ಆಗುತ್ತಿರಲಿಲ್ಲ. ಕಣ್ಣಾರೆ ಕಾಣುವುದಕ್ಕೆ ಮೊದಲೇ ಆಗುತ್ತಿರಲಿಲ್ಲ. ಅದನ್ನು ನಡೆಸಲು ಬರುತ್ತಿರುವವನು ತನ್ನ ಷಡ್ಡಕನೇ ಎಂದು ತಿಳಿದ ಮೇಲಂತೂ ತುತ್ತು ಗಂಟಲಲ್ಲಿ ಇಳಿಯುವುದೇ ಕಷ್ಟವಾಯಿತು.

ಅಕ್ಕತಂಗಿಯರ ಗಂಡಂದಿರಿಬ್ಬರೂ ರೈಲ್ವೆಯವರೇ. ಅಕ್ಕನ ಗಂಡ ದೊಡ್ಡಳಿಯ, ತಂಗಿಯ ಗಂಡ ಚಿಕ್ಕಳಿಯ. ಗಾರ್ಡ್ ಕೆಲಸದಿಂದ ನಿವೃತ್ತರಾಗಿದ್ದ ಮಾವ ಹಾಗೆ ಕರೆದು ಕರೆದು ಎಂಜಿನ್ ಶೆಡ್ಡಿನಲ್ಲೂ ಅದೇ ರೂಢಿಯಾಗಿ, ಸಂಬಳ ಕೊಡುವ ಗುಮಾಸ್ತನ ಹೊರತು ಬೇರೆ ಯಾರ ಬಾಯಿಗೂ ಅವರ ನಿಜವಾದ ಹೆಸರು ಬರುತ್ತಿರಲಿಲ್ಲ. ಈಗ ಇಬ್ಬರ ಕ್ವಾರ್ಟರ್ಸೂ ಅಕ್ಕಪಕ್ಕ. ನಡುವೆ ಒಂದೇ ಗೋಡೆ. ಈ ಕಡೆ ಸೀನಿದರೆ ಆ ಕಡೆಯವರಿಗೆ ಕೇಳುತ್ತಿತ್ತು.

ಊರು ಬೆಟ್ಟದ ಬುಡದಲ್ಲಿತ್ತು. ಅದಿರು ತುಂಬಿದ ಗೂಡ್ಸ್ ಗಾಡಿಗಳು ಅಲ್ಲಿಂದ ಏರು ಹತ್ತಿ, ಸುರಂಗ ದಾಟಿ, ನೆತ್ತಿಯ ಸ್ಟೇಷನ್ನಿಗೆ ಹೋಗಿ ಆಚೆ ಬದಿಗೆ ಇಳಿಯಬೇಕು. ಒಂದು ಹಬೆ ಎಂಜಿನ್ನಿನಿಂದ ಆಗುವ ಕೆಲಸವಲ್ಲ ಅದು. ಮುಂದೊಂದು ಎಳೆಯುತ್ತಿತ್ತು, ಹಿಂದೊಂದು ನೂಕುತ್ತಿತ್ತು. ನೂಕುವ ಎಂಜಿನ್ ದೊಡ್ಡಳಿಯನದು. ಮುಂದಿನವನು ಎರಡು ಸೀಟಿ ಹೊಡೆದರೆ ಇವನೂ ಎರಡು ಸೀಟಿ ಹೊಡೆದು 'ನಾನಿದ್ದೇನೆ' ಎಂದು ತಿಳಿಸಿ, ಹಿಡಿಕೆ ಎಳೆದು ಹಬೆ ಬಿಡಬೇಕು. ಬೇಗ ಬಿಟ್ಟರೆ ನಡುವಿನ ವ್ಯಾಗನ್ನುಗಳು ಗುದ್ದಾಡುತ್ತವೆ, ತಡವಾದರೆ ಕೊಂಡಿ ಕಿತ್ತುಬರುತ್ತದೆ. ಇಡೀ ಗಾಡಿಯ ಭಾರ ಎಲ್ಲಿದೆ ಎಂಬುದು ಅವನ ಅಂಗೈಗೆ ಗೊತ್ತಾಗುತ್ತಿತ್ತು ಎಂದು ಶೆಡ್ಡಿನಲ್ಲಿ ಹೇಳುತ್ತಿದ್ದರು. ಆ ಮಾತು ಎದುರಿಗೆ ಬಂದಾಗ ಅವನು ಕೇಳಿಸದವನಂತೆ ಇರುತ್ತಿದ್ದ. ಆಡದೆ ಬಿಟ್ಟರೆ ತಾನೇ ನೆನಪಿಸುತ್ತಿದ್ದ.

"ಎಳೆಯೋನು ಹೆಸರಿಗೆ. ಹತ್ತಿಸೋನು ನಾನು."

ಆದರೆ ನೆತ್ತಿಯ ಸ್ಟೇಷನ್ ಬಂತೆಂದರೆ ಹಿಂದಿನ ಎಂಜಿನ್ನಿನ ಕೆಲಸ ಮುಗಿಯಿತು. ಕೊಂಡಿ ಬಿಚ್ಚಿ, ಗಾಡಿಯನ್ನು ಆಚೆಗೆ ಕಳಿಸಿ, ಒಬ್ಬನೇ ಕೆಳಗಿಳಿದು ಬರಬೇಕು. ಮೀಸೆ ನರೆಯುವ ತನಕ ಆ ಏರು ಹತ್ತಿದ ಮನುಷ್ಯ ಬೆಟ್ಟದ ಆಚೆ ಏನಿದೆ ಎಂದು ಒಮ್ಮೆಯೂ ನೋಡಿರಲಿಲ್ಲ. ಸುರಂಗದಲ್ಲಿ ಎರಡೂ ಎಂಜಿನ್ನಿನ ಹೊಗೆ ಕುಡಿಯುವುದೂ ಹಿಂದಿನವನ ಪಾಲೇ. ಒದ್ದೆ ಬಟ್ಟೆ ಮೂಗಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ, ಕೈಯನ್ನು ಮಾತ್ರ ಎಚ್ಚರವಾಗಿಟ್ಟುಕೊಂಡು ದಾಟಬೇಕು. ಒಲೆಗೆ ಕಲ್ಲಿದ್ದಲು ಹಾಕುತ್ತಿದ್ದ ಅವನ ಹಳೆಯ ಫೈರ್‌ಮನ್ ಅಲ್ಲೇ ಪ್ರಜ್ಞೆ ತಪ್ಪಿ ಬಿದ್ದವನು ಮತ್ತೆ ಸಲಿಕೆ ಹಿಡಿಯಲಿಲ್ಲ.

ಚಿಕ್ಕಳಿಯನೂ ಮದುವೆಯಾದ ಹೊಸದರಲ್ಲಿ ಇವನ ಕೈಕೆಳಗೆ ಫೈರ್‌ಮನ್ ಆಗಿದ್ದ. ಆ ಕೆಲಸದಲ್ಲಿ ಹೆಚ್ಚು ದಿನ ಉಳಿಯಲಿಲ್ಲ. ಕಲ್ಲಿದ್ದಲನ್ನು ಒಲೆಯೊಳಗೆ ಹರಡಬೇಕು, ಇವನು ಗುಡ್ಡೆ ಹಾಕುತ್ತಿದ್ದ. ಅಂಗೈಗೆ ಬೊಬ್ಬೆ ಬಂದು ಕೆಲಸ ಬಿಟ್ಟು ಪಟ್ಟಣದ ವಿದ್ಯುತ್ ಕೇಂದ್ರಕ್ಕೆ ಹೋಗಿ ಸೇರಿಕೊಂಡ. "ಸಲಿಕೆ ಹಿಡಿಯೋಕೆ ಬರದೋನು ತಂತಿ ಹಿಡಿಯೋಕೆ ಹೋದ" ಎಂದು ದೊಡ್ಡಳಿಯ ಮಾವನ ಮನೆಯ ಊಟದಲ್ಲಿ ಹೇಳಿದಾಗ ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು. ಜನ ನಕ್ಕ ಮಾತನ್ನು ಬಿಡುವ ಜಾತಿಯವನಲ್ಲ ನಮ್ಮ ದೊಡ್ಡಳಿಯ. ವರ್ಷಗಟ್ಟಲೆ ಅದನ್ನೇ ಹೇಳಿದ. ಈಗ ಅದೇ ಬೊಬ್ಬೆಯ ಕೈಯವನು, ಕಂಬ ನೆಟ್ಟು ತಂತಿ ಎಳೆದಾದ ಮೇಲೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊಸ ಎಂಜಿನ್ನಿನ ಡ್ರೈವರ್ ಆಗಿ ಬಂದಿಳಿದಿದ್ದ.

ಎಂಜಿನ್ ಬಂದ ದಿನ ಶೆಡ್ಡಿಗೆ ಶೆಡ್ಡೇ ಹಳಿಯ ಮೇಲಿತ್ತು. ಎರಡೂ ಕಡೆ ಉದ್ದನೆಯ ತಗ್ಗು ಮೂತಿ, ನಡುವೆ ಡ್ರೈವರನ ಕೋಣೆ, ನೆತ್ತಿಯ ಮೇಲೆ ತಂತಿಗೆ ತಾಗುವ ಎರಡು ಕಬ್ಬಿಣದ ತೋಳು. ಒಳಗೆ ಮಂಚದಷ್ಟು ಅಗಲದ ಮೋಟಾರುಗಳು. ಅವುಗಳ ತಿರುಗಾಟ ಚಕ್ರಕ್ಕೆ ತಲುಪುತ್ತಿದ್ದುದು ಮಾತ್ರ ಹಬೆ ಎಂಜಿನ್ನಿನಲ್ಲಿರುವಂಥದೇ ದಪ್ಪ ಸರಳುಗಳಿಂದ. ಆ ಸರಳುಗಳನ್ನು ಕಂಡು ದೊಡ್ಡಳಿಯನಿಗೆ ಒಂದಿಷ್ಟು ಸಮಾಧಾನವಾಯಿತು.

"ನೋಡಿದ್ಯಾ, ಕಾಲು ನಮ್ದೇ ಕದ್ದಿದ್ದಾರೆ" ಎಂದು ಪಕ್ಕದಲ್ಲಿದ್ದ ತನ್ನ ಫೈರ್‌ಮನ್ನನಿಗೆ ಹೇಳಿದ. ಫೈರ್‌ಮನ್ ಮಾತು ಕಮ್ಮಿಯ ಮನುಷ್ಯ.

ಬೇರೆ ಕಡೆಯ ಸುದ್ದಿಗಳನ್ನು ದೊಡ್ಡಳಿಯ ಕಿವಿ ನಿಗುರಿಸಿಕೊಂಡು ಕೂಡಿಹಾಕಿದ್ದ. ಮೊದಮೊದಲು ಟ್ರಾಮಿನ ಮೋಟಾರುಗಳನ್ನೇ ದಪ್ಪ ಮಾಡಿ ಗೂಡ್ಸ್ ಗಾಡಿಗೆ ಕಟ್ಟಿದ್ದರಂತೆ, ಅರ್ಧ ಏರಿನಲ್ಲೇ ಸುಟ್ಟು ಕರಕಲಾದವಂತೆ. ಎಲ್ಲೋ ಒಂದು ಕಡೆ ಮಂಜು ಬಿದ್ದು ತಂತಿ ಹರಿದು ಗಾಡಿ ದಿನವಿಡೀ ಬೆಟ್ಟದ ಮೇಲೆ ನಿಂತಿತ್ತಂತೆ, ಕೊನೆಗೆ ಹೋಗಿ ಎಳೆದು ತಂದದ್ದು ಹಬೆ ಎಂಜಿನ್ನೇ ಅಂತೆ. ಅಂಥ ಒಂದೊಂದು ಸುದ್ದಿ ಸಿಕ್ಕ ದಿನವೂ ಅವನಿಗೆ ಹಬ್ಬ.

ಆ ಭಾನುವಾರ ಮಾವನ ಮನೆಯಲ್ಲಿ ಊಟ. ಯಾವಾಗಲೂ ಮಾವನ ಬಲಗಡೆ ದೊಡ್ಡಳಿಯನ ಜಾಗ. ಅಂದು ಅವನು ಕೈ ತೊಳೆದು ಬರುವಷ್ಟರಲ್ಲಿ ಚಿಕ್ಕಳಿಯ ಅಲ್ಲಿ ಕೂತಿದ್ದ. ತಾನಾಗಿ ಕೂತದ್ದಲ್ಲ, ಮಾವನೇ ಕೈ ಹಿಡಿದು ಕೂರಿಸಿದ್ದರು.

"ಇಳಿಜಾರಲ್ಲಿ ಇಳೀವಾಗ ಕರೆಂಟ್ ವಾಪಸ್ ಕೊಡುತ್ತೆ ಅಂತಾರಲ್ಲ, ಅದೇನದು ಹೇಳಿ ಅಳಿಯಂದ್ರೆ" ಎಂದರು ಮಾವ.

"ಹೌದು ಮಾವ. ಇಳೀವಾಗ ಚಕ್ರನೇ ಮೋಟಾರನ್ನ ತಿರುಗಿಸುತ್ತೆ. ಆಗ ಅದು ಕರೆಂಟ್ ಹುಟ್ಟಿಸಿ ತಂತಿಗೆ ಕೊಡುತ್ತೆ. ಅದೇ ಹೊತ್ತಲ್ಲಿ ಇನ್ನೊಂದು ಗಾಡಿ ಹತ್ತಾ ಇದ್ರೆ ಅದಕ್ಕೆ ಅಷ್ಟು ಸಹಾಯ. ಬ್ರೇಕ್ ಬ್ಲಾಕುಗಳೂ ಸವೆಯಲ್ಲ."

"ಅಂದ್ರೆ ಇಳಿಯೋನು ಹತ್ತೋನ್ನ ಎಳೀತಾನೆ" ಎಂದು ಮಾವ ಬೆರಗಾಗಿ ತೊಡೆ ತಟ್ಟಿಕೊಂಡರು. "ನಾನು ಗಾರ್ಡ್ ಆಗಿದ್ದಾಗ ಇಳಿಜಾರು ಅಂದ್ರೆ ಜೀವ ಕೈಯಲ್ಲಿ ಹಿಡ್ಕೋತಿದ್ದೆ. ನೋಡಿ ಎಂಥ ಕಾಲ ಬಂತು."

"ತೊಡೆ ಆಮೇಲೆ ತಟ್ಕೊಳ್ಳಿ ಮಾವ, ಮೊದ್ಲು ಹತ್ತಲಿ" ಎಂದ ದೊಡ್ಡಳಿಯ. "ಹತ್ತದೆ ಇಳಿಯೋದೆಲ್ಲಿಂದ?"

ಯಾರೂ ನಗಲಿಲ್ಲ. ಹೆಂಡತಿ ಆ ಕಡೆಯಿಂದ ಕಣ್ಣು ಬಿಟ್ಟಳು. ನಾದಿನಿ ಮಾತ್ರ, "ಹತ್ತುತ್ತೆ ಭಾವ, ಹಿಂದೆ ನೀವಿರ್ತೀರಲ್ಲ" ಎಂದು ತಮಾಷೆ ಮಾಡಿ ಬಡಿಸಿದಳು. ಅವಳ ಮನಸ್ಸಿನಲ್ಲಿ ಕಲ್ಮಶವಿರಲಿಲ್ಲ. ಅದಕ್ಕೇ ಆ ಮಾತು ಇನ್ನೂ ಜಾಸ್ತಿ ಚುಚ್ಚಿತು.

ಮರುದಿನ ಸಾಹೇಬರ ಅಪ್ಪಣೆ ಬಂತು. ಕರೆಂಟ್ ಎಂಜಿನ್ ಪೂರಾ ತೂಕದ ಗಾಡಿಯನ್ನು ಒಂಟಿಯಾಗಿ ಹತ್ತಿಸಬಲ್ಲದೇ ಎಂದು ಪರೀಕ್ಷೆ. ಹಿಂದಿನ ಎಂಜಿನ್ ಜೋಡಿಸಿರಬೇಕು, ಒಲೆ ಉರಿಯುತ್ತಿರಬೇಕು, ಆದರೆ ಮುಂದಿನಿಂದ ಎರಡು ಸೀಟಿ ಕೇಳಿದರೆ ಮಾತ್ರ ನೂಕಬೇಕು. ಅಲ್ಲಿಯ ತನಕ ಸುಮ್ಮನೆ ಎಳೆಸಿಕೊಂಡು ಬರಬೇಕು. ಪರೀಕ್ಷೆ ಗೆದ್ದರೆ ಏರಿಗೆ ಇನ್ನು ಹಿಂದಿನ ಎಂಜಿನ್ ಬೇಡ. ದೊಡ್ಡಳಿಯನನ್ನು ಬಯಲಿನ ಯಾರ್ಡಿಗೆ ಹಾಕುತ್ತಾರೆ. ಅಲ್ಲಿ ಖಾಲಿ ವ್ಯಾಗನ್ನುಗಳನ್ನು ಈ ಹಳಿಯಿಂದ ಆ ಹಳಿಗೆ ದಬ್ಬುವ ಕೆಲಸ. ಕ್ವಾರ್ಟರ್ಸೂ ಬಿಡಬೇಕು.

ಯಾರ್ಡು, ಕ್ವಾರ್ಟರ್ಸು ಎರಡನ್ನೂ ಅವನು ಹೇಗೋ ನುಂಗಿಕೊಂಡಾನು. 'ಎಳೆಸಿಕೊಂಡು' ಎಂಬ ಮಾತೇ ಗಂಟಲಲ್ಲಿ ಮುಳ್ಳಾಗಿ ನಿಂತಿತು. ಜೀವಮಾನವಿಡೀ ನೂಕಿದವನು ಈಗ ಬಾಲದ ಹಾಗೆ ಹಿಂದೆ ನೇತಾಡಿಕೊಂಡು, ಅದೂ ಯಾರ ಹಿಂದೆ!

ಪರೀಕ್ಷೆಯ ಬೆಳಿಗ್ಗೆ ಸಾಹೇಬರು, ಅವರ ಕೆಳಗಿನವರು, ಅವರಿಗೂ ಕೆಳಗಿನವರು ಎಲ್ಲರೂ ಹೊಸ ಎಂಜಿನ್ನಿನ ಕೋಣೆಯಲ್ಲಿ ಒತ್ತೊತ್ತಾಗಿ ನಿಂತರು. ಹಿಂದಿನ ಎಂಜಿನ್ನಿಗೂ ಒಬ್ಬರು ಬರಬೇಕಿತ್ತು. ಆದರೆ ಬಿಳಿ ಅಂಗಿ ತೊಟ್ಟು ಕಲ್ಲಿದ್ದಲ ಪುಡಿಯಲ್ಲಿ ನಿಲ್ಲಲು ಯಾರಿಗೂ ಮನಸ್ಸಾಗಲಿಲ್ಲ. ದೊಡ್ಡಳಿಯನೂ ಫೈರ್‌ಮನ್ನನೂ ಇಬ್ಬರೇ ಉಳಿದರು.

ಮುಂದಿನಿಂದ ಪೀಪಿಯಂಥ ತೆಳು ಸೀಟಿ ಕೇಳಿತು. ಗಾಡಿ ಹೊರಟಿತು. ಜಗ್ಗಾಟವಿಲ್ಲ, ಏದುಸಿರಿಲ್ಲ. ಹಳಿಯ ಪಕ್ಕದ ಕಲ್ಲುಗಳು ಒಂದೇ ಹದದಲ್ಲಿ ಹಿಂದಕ್ಕೆ ಸರಿಯುತ್ತಿದ್ದವು. ಏರು ಶುರುವಾದರೂ ಅದೇ ಹದ. ತನ್ನ ಅಂಗೈಯನ್ನು ಕೇಳದೆ ಒಂದು ಗಾಡಿ ಬೆಟ್ಟ ಹತ್ತುತ್ತಿರುವುದನ್ನು ದೊಡ್ಡಳಿಯ ಮೊದಲ ಸಲ ಕಂಡ. ಮೈ ಪರಚಿಕೊಳ್ಳುವಂತಾಯಿತು.

ಸುರಂಗಕ್ಕೆ ಮುಂಚಿನ ತಿರುವು ಎಲ್ಲಕ್ಕಿಂತ ಕಡಿದು. ಅಲ್ಲಿ ವೇಗ ತುಸು ಇಳಿಯಿತು. 'ಈಗ ಹೊಡೀತಾನೆ ಸೀಟಿ' ಎಂದು ಮೈಯೆಲ್ಲ ಕಿವಿಯಾಗಿ ನಿಂತ. ಸೀಟಿ ಬರಲಿಲ್ಲ. ಇನ್ನೊಂದು ಗಳಿಗೆ ಹೋದರೆ ಚಿಕ್ಕಳಿಯ ಸುರಂಗದೊಳಗೆ ಹೋಗಿಬಿಡುತ್ತಾನೆ, ಆಮೇಲೆ ನೆತ್ತಿಗೆ, ಆಮೇಲೆ ಮಾವನ ಬಲಗಡೆ ಖಾಯಂ ಆಗಿ.

"ಹಾಕು ಕಲ್ಲಿದ್ದಲು" ಎಂದ.

ಫೈರ್‌ಮನ್ ಅವನ ಮುಖ ನೋಡಿದ.

"ಹಾಕು ಅಂದ್ನಲ್ಲ."

ಹಿಡಿಕೆ ಎಳೆದ. ಹಬೆ ನುಗ್ಗಿತು, ಚಿಮಣಿ ಗುಡುಗಿತು, ಮುಂದಿನ ಕೊಂಡಿಗಳು ಒಂದೊಂದಾಗಿ ಮುದುರಿಕೊಂಡವು. ಅಂಗೈಗೆ ಭಾರ ಬಂತು. ಆಹಾ ಎನಿಸಿತು ಅವನಿಗೆ, ಹಸಿದವನಿಗೆ ಊಟ ಸಿಕ್ಕ ಹಾಗೆ. ಹೊಗೆ ಎಲ್ಲರಿಗೂ ಕಾಣುತ್ತದೆ, ಸದ್ದು ಎಲ್ಲರಿಗೂ ಕೇಳುತ್ತದೆ, ಯಾರು ಹತ್ತಿಸಿದ್ದು ಎಂದು ಇವತ್ತು ಸಾಹೇಬರಿಗೇ ಗೊತ್ತಾಗುತ್ತದೆ ಎಂದುಕೊಂಡ. ಹೊಟ್ಟೆ ಉರಿಯುವವನಿಗೆ ಲೆಕ್ಕ ತಪ್ಪುವುದು ಇಲ್ಲೇ. ಒಂದು ಗಾಡಿಯುದ್ದ ಮುಂದೆ, ಮೋಟಾರುಗಳ ಗುಂಯ್ ಎನ್ನುವ ಸದ್ದಿನ ನಡುವೆ ಅವರಿಗೆ ಇವನದು ಏನೂ ಕೇಳುವಂತಿರಲಿಲ್ಲ. ತಿರುವಿನಾಚೆ ಗುಡ್ಡ ಅಡ್ಡ, ಅದಾದ ಮೇಲೆ ಸುರಂಗದ ಕತ್ತಲು.

ಸುರಂಗ ದಾಟಿದ ಮೇಲೆ ಹಬೆ ನಿಲ್ಲಿಸಿದ. ನೆತ್ತಿಯ ಸ್ಟೇಷನ್ನಿನಲ್ಲಿ ಇಳಿದು, ಮಸಿ ಮುಖವನ್ನೂ ಒರೆಸಿಕೊಳ್ಳದೆ, ವ್ಯಾಗನ್ನುಗಳ ಪಕ್ಕ ದಾಪುಗಾಲು ಹಾಕುತ್ತ ಮುಂದಕ್ಕೆ ಹೋದ. ನೂಕಿದ್ದಕ್ಕೆ ಬೈಗುಳ ಬಂದರೂ ಸರಿ, ನೂಕಿದವನು ತಾನೆಂಬ ಮಾತು ಆ ಬೈಗುಳದಲ್ಲಿರುತ್ತದಲ್ಲ.

ಅಲ್ಲಿ ಸಾಹೇಬರು ಚಿಕ್ಕಳಿಯನ ಕೈ ಹಿಡಿದು ಕುಲುಕುತ್ತಲೇ ಇದ್ದರು. "ಮುಳ್ಳು ಕೆಂಪು ಗೆರೆ ಹತ್ತಿರಾನೂ ಬರಲಿಲ್ಲ ಕಣ್ರೀ. ಸುರಂಗದಲ್ಲಂತೂ ಇನ್ನೂ ಕೆಳಗಿಳೀತು. ಈ ಎಂಜಿನ್ನಿನ ಮೈಯಲ್ಲಿ ಇನ್ನೂ ಎಷ್ಟೋ ಶಕ್ತಿ ಇದೆ. ಬರೋ ಸೋಮವಾರದಿಂದ ವ್ಯಾಗನ್ ಜಾಸ್ತಿ ಹಾಕೋಣ. ಹಿಂದಿನ ಎಂಜಿನ್ ಬೇಡ."

ಮೀಟರಿನ ಮುಳ್ಳು. ದೊಡ್ಡಳಿಯನಿಗೆ ಅದು ಹೊಳೆದೇ ಇರಲಿಲ್ಲ. ಇವನು ಹಿಂದಿನಿಂದ ಭಾರ ಹೊತ್ತಷ್ಟೂ ಮುಂದಿನವನ ಮೋಟಾರಿಗೆ ಹಗುರ, ಹಗುರಾದಷ್ಟೂ ಮುಳ್ಳು ಕೆಳಗೆ, ಮುಳ್ಳು ಕೆಳಗಿಳಿದಷ್ಟೂ ಅವನಿಗೆ ಶಹಬ್ಬಾಸ್. ತನ್ನ ಹೊಟ್ಟೆಯ ಮೇಲೆ ತಾನೇ ಹೊಡೆದುಕೊಂಡಿದ್ದ, ಅದೂ ಮೈಯಲ್ಲಿದ್ದ ಬಲವನ್ನೆಲ್ಲ ಬಿಟ್ಟು.

ಸಾಹೇಬರು ಇವನ ಕಡೆ ತಿರುಗಿ, "ನಿಮಗೂ ಇನ್ನು ಆರಾಮ್" ಎಂದರು. ಅವರ ಭುಜದ ಮೇಲಿನಿಂದ ಚಿಕ್ಕಳಿಯ ಒಮ್ಮೆ ಇವನನ್ನು ನೋಡಿ ಬೇರೆ ಕಡೆ ಮುಖ ತಿರುಗಿಸಿದ. ದೊಡ್ಡಳಿಯ ಬಂದ ದಾರಿಯಲ್ಲೇ ತನ್ನ ಎಂಜಿನ್ನಿಗೆ ವಾಪಸಾದ.

ಮನೆಗೆ ಬಂದು ಹೆಂಡತಿಗೆ ಹೇಳಿದ. "ಅದು ಹತ್ತಿದ್ದಲ್ಲ ಕಣೇ. ನಾನು ನೂಕಿದ್ದು."

ಅವಳು ಬಟ್ಟೆ ಮಡಚುತ್ತಿದ್ದವಳು ಕೈ ನಿಲ್ಲಿಸಲಿಲ್ಲ. "ಹೊಟ್ಟೆ ಉರಿದ್ರೆ ಒಂದು ಲೋಟ ನೀರು ಕುಡೀರಿ. ನನ್ನ ತಂಗಿ ಮುಂದೆ ಮಾತ್ರ ಈ ಮಾತು ಆಡ್ಬೇಡಿ."

"ನಿಜ ಹೇಳ್ತಿದೀನಿ."

"ಅವ್ನು ಹೊಸ ಅಂಗಿ ಹಾಕ್ಕೊಂಡ್ರೂ ನಿಮಗೆ ಕೆಮ್ಮು ಬರುತ್ತೆ. ನಿಮ್ಮ ಮಾತು ನಂಬಲಾ ನಾನು?"

ಗೋಡೆಯ ಆಚೆ ನಾದಿನಿ ನಗುತ್ತಿದ್ದುದು ಕೇಳಿಸಿತು. ಯಾವುದಕ್ಕೆ ನಗುತ್ತಿದ್ದಳೋ. ತನ್ನನ್ನು ನೋಡಿಯೇ ಎಂದುಕೊಂಡ ದೊಡ್ಡಳಿಯ.

ಎರಡು ದಿನ ಅವನು ಒಂದು ಕನಸನ್ನು ಜಗಿದ. ಸೋಮವಾರ ಹೆಚ್ಚಿನ ವ್ಯಾಗನ್ ಎಳೆದುಕೊಂಡು ಚಿಕ್ಕಳಿಯ ಹೋಗುತ್ತಾನೆ. ತಿರುವಿನಲ್ಲಿ ಗಾಡಿ ನಿಲ್ಲುತ್ತದೆ. ಸಾಹೇಬರು ಓಡಿ ಬಂದು, 'ನೀವೇ ಬರಬೇಕು' ಎನ್ನುತ್ತಾರೆ. ಇವನು ಆಯಿತು ಎನ್ನದೆ, ಆಗದು ಎನ್ನದೆ, ನಿಧಾನವಾಗಿ ಮೀಸೆ ಒರೆಸಿಕೊಳ್ಳುತ್ತಾನೆ. ಮೀಸೆ ಒರೆಸಿಕೊಳ್ಳುವ ತನಕ ಕನಸು ಬಲು ರುಚಿಯಾಗಿತ್ತು. ಅದರಾಚೆಗೆ ಮಾತ್ರ ಅವನಿಗೆ ಗೊತ್ತಿದ್ದ ಸಂಗತಿಯೊಂದು ಕಾದುಕೊಂಡಿತ್ತು. ಆ ತಿರುವಿನಲ್ಲಿ ನಿಂತ ಗಾಡಿ ನಿಂತಲ್ಲಿ ನಿಲ್ಲುವುದಿಲ್ಲ, ಹಿಂದಕ್ಕೆ ಹೊರಡುತ್ತದೆ. ವ್ಯಾಗನ್ನುಗಳ ಮೇಲೆ ಕೈಬ್ರೇಕಿನವರು ಕೂತಿರುತ್ತಾರೆ, ಅಷ್ಟು ಭಾರಕ್ಕೆ ಅವರ ಬ್ರೇಕ್ ಸಾಲದು. ಹಿಂದೆ ತಡೆಯಲು ಎಂಜಿನ್ ಇರುವುದಿಲ್ಲ. ಮುಂದಿನ ಕೋಣೆಯಲ್ಲಿ ನಾದಿನಿಯ ಗಂಡ ಇರುತ್ತಾನೆ.

ಶೆಡ್ಡಿನ ಫೋರ್‌ಮನ್ ಹತ್ತಿರ ಹೋಗಿ, "ಅವತ್ತು ನಾನು ನೂಕಿದ್ದೆ. ಸಾಹೇಬರಿಗೆ ಹೇಳಿ" ಎಂದ.

ಫೋರ್‌ಮನ್ ಕಾಫಿ ಲೋಟ ಕೆಳಗಿಟ್ಟು ನಕ್ಕ. "ಇವತ್ತು ನೀವು ಮೂರನೆಯವರು. ಒಬ್ಬ ಗಾಳಿ ನೂಕಿತು ಅಂದ, ಇನ್ನೊಬ್ಬ ವ್ಯಾಗನ್ ತೂಗೋ ತಕ್ಕಡಿ ಸರಿಯಿಲ್ಲ ಅಂದ. ಹಬೆ ಡ್ರೈವರುಗಳಿಗೆಲ್ಲ ಹೊಟ್ಟೆ ನೋವು ಶುರುವಾಗಿದೆ. ಹೋಗಿ, ನಾನಿದನ್ನ ಕೇಳಿಸ್ಕೊಂಡಿಲ್ಲ. ಕೇಳಿಸ್ಕೊಂಡ್ರೆ ನಿಮ್ಮ ಕೆಲಸ ಹೋಗುತ್ತೆ."

ವರ್ಷಗಟ್ಟಲೆ ಕೊಂಕು ಮಾತಾಡಿದವನ ಬಾಯಲ್ಲಿ ಒಂದು ನಿಜ ಬಂದರೆ ಅದಕ್ಕೂ ಕೊಂಕಿನ ಬಣ್ಣವೇ. ಉಳಿದದ್ದು ಒಂದೇ ಬಾಗಿಲು. ಅದನ್ನು ತಟ್ಟುವ ಬದಲು ಒಲೆಯೊಳಗೆ ಕೈ ಇಡುವುದು ವಾಸಿ ಎನಿಸಿತು. ಆದರೂ ಶನಿವಾರ ಸಂಜೆ ಹೊಸ ಶೆಡ್ಡಿಗೆ ಹೋದ.

ಚಿಕ್ಕಳಿಯ ಒಬ್ಬನೇ ಎಂಜಿನ್ನಿನ ಸರಳುಗಳಿಗೆ ಎಣ್ಣೆ ಬಿಡುತ್ತಿದ್ದ. ದೊಡ್ಡಳಿಯ ಪೀಠಿಕೆ ಹಾಕಲಿಲ್ಲ.

"ಸುರಂಗದ ತಿರುವಲ್ಲಿ ನಾನು ನೂಕಿದೆ."

"ಗೊತ್ತು ಭಾವ."

"ಏನು ಗೊತ್ತು?"

"ಮುಳ್ಳು ಮೇಲೇರ್ತಾ ಇತ್ತು, ಇದ್ದಕ್ಕಿದ್ದ ಹಾಗೆ ಕೆಳಗೆ ಬಿತ್ತು. ಏರು ಮುಗಿದಿರ್ಲಿಲ್ಲ. ಹಿಂದೆ ನೀವಿದ್ರಿ. ಇನ್ನೇನಿರುತ್ತೆ?"

"ಗೊತ್ತಿದ್ದೂ ಬಾಯಿ ಮುಚ್ಕೊಂಡು ಕೈ ಕುಲುಕಿಸ್ಕೊಂಡ್ಯಾ?"

ಚಿಕ್ಕಳಿಯ ಎಣ್ಣೆ ಡಬ್ಬಿ ಕೆಳಗಿಟ್ಟ. ಅವನ ಕಿವಿಗಳು ಕೆಂಪಾಗಿದ್ದವು. "ಹೌದು. ಮಾವ ಮೊದಲ ಸಲ ಪಕ್ಕದಲ್ಲಿ ಕೂರಿಸ್ಕೊಂಡಿದ್ರು. ಸಲಿಕೆ ಹಿಡಿಯೋಕೆ ಬರದೋನು ಅಂತ ನೀವು ಹೇಳಿದಾಗೆಲ್ಲ ಇಡೀ ಮನೆ ನಗ್ತಿತ್ತು. ನನ್ನ ಹೆಂಡ್ತೀನೂ ನಗ್ತಿದ್ಲು. ನಿಮ್ಮನ್ನ ನೋಡಿ ನಾನು ಎಷ್ಟು ಹೊಟ್ಟೆ ಉರ್ಕೊಂಡಿದೀನಿ ಅಂತ ನಿಮಗೇನು ಗೊತ್ತು? ಒಂದಿಷ್ಟು ದಿನ ಆದ್ರೂ ನಿಮಗಿಂತ ಮೇಲಿರೋಣ ಅನ್ನಿಸ್ತು."

ತನ್ನನ್ನು ನೋಡಿ ಒಬ್ಬ ಹೊಟ್ಟೆ ಉರಿದುಕೊಂಡಿದ್ದಾನೆ! ದೊಡ್ಡಳಿಯನಿಗೆ ಅದು ಒಂದು ಗಳಿಗೆ ಸಿಹಿಯಾಗಿಯೇ ಇತ್ತು, ಸುಳ್ಳು ಯಾಕೆ ಹೇಳಬೇಕು. ಆಮೇಲೆ ಕೇಳಿದ. "ಸೋಮವಾರ ಅಷ್ಟು ವ್ಯಾಗನ್ ಹಾಕ್ಕೊಂಡು ಹೋಗೋನಿದ್ಯಾ?"

"ನಿನ್ನೆ ತನಕ ಹೋಗೋನೇ. ಬ್ರೇಕಿನವರ ನೆನಪಾಗಿ ಆಗ್ಲಿಲ್ಲ. ಸಾಹೇಬರ ಹತ್ರ ಮುಳ್ಳಿನ ಮೇಲೆ ನಂಗೆ ನಂಬಿಕೆ ಇಲ್ಲ ಅಂದೆ. ಇನ್ನೊಂದು ಸಲ ಅದೇ ತೂಕ, ಹಿಂದೆ ಅದೇ ಎಂಜಿನ್ ಬೇಕು ಅಂತ ಕೇಳಿದೀನಿ. ಮುಖ ಗಂಟು ಹಾಕ್ಕೊಂಡು ಒಪ್ಪಿದ್ರು." ಎಣ್ಣೆ ಡಬ್ಬಿಯನ್ನು ಮತ್ತೆ ಕೈಗೆತ್ತಿಕೊಂಡು ಅವನೇ ಹೇಳಿದ. "ನೀವು ನೂಕಿದ್ದು ಹೇಳಿಲ್ಲ. ಈ ಸಲ ನಾನು ಸೀಟಿ ಹೊಡೆಯೋ ತನಕ ಹಿಡಿಕೆ ಮುಟ್ಬೇಡಿ ಭಾವ. ಅಷ್ಟೇ ಕೇಳೋದು."

ಸೋಮವಾರ ಹೊಸ ಎಂಜಿನ್ನಿನಲ್ಲಿ ಸಾಹೇಬರಿರಲಿಲ್ಲ, ಕಿರಿಯ ಅಧಿಕಾರಿಯೊಬ್ಬ ಆಕಳಿಸುತ್ತ ಕೂತಿದ್ದ. ಹಿಂದೆ ದೊಡ್ಡಳಿಯ, ಫೈರ್‌ಮನ್. ಒಲೆಯಲ್ಲಿ ಬೆಂಕಿ ತೆಳ್ಳಗೆ ಹರಡಿತ್ತು, ಹಬೆ ತಯಾರಿತ್ತು. ದೊಡ್ಡಳಿಯ ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತ.

ತಿರುವು ಬಂತು. ಗಾಡಿ ನಡಿಗೆಯ ವೇಗಕ್ಕೆ ಇಳಿಯಿತು. ಮುಂದೆ ಎಲ್ಲೋ ಚಕ್ರ ಜಾರಿ ಕಿರುಗುಟ್ಟಿದ ಸದ್ದು, ಆಮೇಲೆ ಮರಳು ಬಿಟ್ಟಿರಬೇಕು, ಮತ್ತೆ ಹಿಡಿಯಿತು. ಕೊಂಡಿಗಳೆಲ್ಲ ಬಿಗಿದು ನಿಂತಿದ್ದವು. ಇವನ ಎಂಜಿನ್ನೂ ಸೇರಿ ಅಷ್ಟೂ ಭಾರ ಒಬ್ಬನ ಮೇಲೇ ಇತ್ತು. 'ನಿಲ್ಲು' ಎಂದ ದೊಡ್ಡಳಿಯ ಮನಸ್ಸಿನಲ್ಲಿ. 'ನಿಲ್ಲು, ಹೊಡಿ ಸೀಟಿ, ಕರಿ ನನ್ನ.' ಇಂದು ಗಾಡಿ ನಿಂತರೆ ಯಾರಿಗೂ ಅಪಾಯವಿಲ್ಲ, ಹಿಂದೆ ತಾನಿದ್ದೇನೆ. ಇದಕ್ಕಿಂತ ಒಳ್ಳೆಯ ಸೋಲು ಇನ್ನೊಂದಿಲ್ಲ. ಅಂಗೈ ನವೆಯಾಗುತ್ತಿತ್ತು. ಸೀಟಿ ಬರಲಿಲ್ಲ. ಗಾಡಿ ನಿಲ್ಲಲೂ ಇಲ್ಲ. ತೆವಳುತ್ತ ತೆವಳುತ್ತ ಸುರಂಗದೊಳಗೆ ಹೊಕ್ಕಿತು.

ಅವನು ರೂಢಿಯ ಮೇಲೆ ಒದ್ದೆ ಬಟ್ಟೆ ಮೂಗಿಗೆ ಒತ್ತಿ ಕಣ್ಣು ಮುಚ್ಚಿದ. ಸ್ವಲ್ಪ ಹೊತ್ತಾದ ಮೇಲೆ ಫೈರ್‌ಮನ್ ಅವನ ತೋಳು ಮುಟ್ಟಿದ.

"ತೆಗೀರಿ. ಹೊಗೆ ಇಲ್ಲ."

ತೆಗೆದ. ಮುಂದೆ ಹೊಗೆ ಉಗುಳುವ ಎಂಜಿನ್ ಇರಲಿಲ್ಲ, ಇವರದು ಸುಮ್ಮನಿತ್ತು. ಕಲ್ಲಿನ ಸಂದಿಯಿಂದ ನೀರು ಒಸರುತ್ತಿತ್ತು. ದೀಪದ ಬೆಳಕಿನಲ್ಲಿ ಚಾವಣಿಯ ಮಸಿ ಗೋಡೆಗಂಟಿದ ಕಪ್ಪು ಪಾಚಿಯಂತೆ ಕಂಡಿತು. ಹಳಿ ರಿಪೇರಿಯವರು ಗಾಡಿ ಬಂದಾಗ ಸರಿದು ನಿಲ್ಲಲು ಗೋಡೆಯಲ್ಲಿ ಗೂಡುಗಳಿದ್ದವು. ಅವು ಇದ್ದವೆಂದೇ ಅವನಿಗೆ ಗೊತ್ತಿರಲಿಲ್ಲ. ಗಾಳಿ ತಣ್ಣಗಿತ್ತು. ಸುರಂಗದ ಗಾಳಿ ಬಿಸಿ ಎಂದೇ ಇಷ್ಟು ವರ್ಷ ನಂಬಿದ್ದ. ಫೈರ್‌ಮನ್ ಬಾಯಿ ತೆರೆದು ಉಸಿರೆಳೆದುಕೊಳ್ಳುತ್ತಿದ್ದ. ಇದು ಮೊದಲೇ ಬಂದಿದ್ದರೆ ಹಳೆಯ ಫೈರ್‌ಮನ್ ಇನ್ನೂ ಕೆಲಸದಲ್ಲಿರುತ್ತಿದ್ದ. ಎಂಜಿನ್ ಒಳ್ಳೆಯದು. ಆ ಮಾತು ಮನಸ್ಸಿಗೆ ಬಂದದ್ದೇ ಹೊಟ್ಟೆಯೊಳಗಿನ ಬೆಂಕಿ ಆರಿತೇ ಎಂದರೆ ಇಲ್ಲ, ಇನ್ನೊಂದು ಸಲಿಕೆ ಹಾಕಿದ ಹಾಗೆ ಎದ್ದಿತು. ಕೆಟ್ಟದ್ದಾಗಿದ್ದರೆ ಬೈದುಕೊಂಡಾದರೂ ಬದುಕಬಹುದಿತ್ತು.

ನೆತ್ತಿಯ ಸ್ಟೇಷನ್ನಿನಲ್ಲಿ ಗಾಡಿ ನಿಂತಿತು. ಚಿಕ್ಕಳಿಯ ಇಳಿದು ವ್ಯಾಗನ್ನುಗಳ ಪಕ್ಕದಲ್ಲಿ ಅಷ್ಟುದ್ದ ನಡೆದು ಬಂದ. ಅಂಗಿ ಬೆವರಿನಿಂದ ಬೆನ್ನಿಗಂಟಿತ್ತು. ಎಂಜಿನ್ನಿನ ಮೆಟ್ಟಿಲ ಕೆಳಗೆ ನಿಂತು ತಲೆಯೆತ್ತಿದ.

"ಮುಳ್ಳು ಕೆಂಪು ಗೆರೆ ಮುಟ್ಟಿ ನಿಂತಿತ್ತು ಭಾವ. ದಾಟ್ಲಿಲ್ಲ. ನೀವು ನೂಕಿಲ್ಲ ಅಂದ್ರೆ ಈ ತೂಕನ ನಾನೊಬ್ನೇ ತರಬಹುದು, ಜಾಸ್ತಿ ವ್ಯಾಗನ್ ಮಾತ್ರ ಬೇಡ ಅಂತೀನಿ. ಒಂಚೂರು ನೂಕಿದ್ರೂ ಒಬ್ನೇ ಬರೋದು ಅಪಾಯ. ಹಿಂದೆ ಎಂಜಿನ್ ಬೇಕೇ ಬೇಕು ಅಂತ ಬರೆಸ್ತೀನಿ. ಹಳೇ ಕೈ, ತಡೀಲಾರದೆ ಎಳೆದಿದ್ರೆ ತಪ್ಪೇನಿಲ್ಲ. ನೂಕಿದ್ರಾ?"

ಒಂಚೂರು. ಅದೊಂದು ಮಾತು ಸಾಕಿತ್ತು. ಎಂಜಿನ್ ಉಳಿಯುತ್ತಿತ್ತು, ಏರು ಉಳಿಯುತ್ತಿತ್ತು, ಮನೆ ಉಳಿಯುತ್ತಿತ್ತು. ಚಿಕ್ಕಳಿಯನೊಬ್ಬನಿಂದಲೇ ಹತ್ತಿಸಲಾಗಲಿಲ್ಲ ಎಂದು ಇಡೀ ಶೆಡ್ಡು ಹೇಳುತ್ತಿತ್ತು. ದೊಡ್ಡ ಸುಳ್ಳೂ ಅಲ್ಲ ಅದು. ಯಾರಿಗೂ ಗಾಯವಿಲ್ಲ, ಯಾರಿಗೂ ಪತ್ತೆಯಾಗುವಂತಿಲ್ಲ. ಅವತ್ತು ನಿಜ ಹೇಳಿದಾಗ ತನ್ನ ಮನೆಯಲ್ಲೂ ಶೆಡ್ಡಿನಲ್ಲೂ ಒಬ್ಬರೂ ನಂಬಲಿಲ್ಲ, ಇವತ್ತು ಸುಳ್ಳು ಹೇಳಿದರೆ ಎಲ್ಲರೂ ನಂಬುತ್ತಾರೆ. ಫೈರ್‌ಮನ್ ಕಲ್ಲಿದ್ದಲ ಗುಡ್ಡೆ ನೋಡುತ್ತ ನಿಂತಿದ್ದ.

"ಇಲ್ಲ" ಎಂದ ದೊಡ್ಡಳಿಯ.

"ಒಂಚೂರೂ?"

"ಹಿಡಿಕೆ ಮುಟ್ಟಿಲ್ಲ ಕಣೋ. ಎಳೆಸ್ಕೊಂಡು ಬಂದಿದೀನಿ."

"ಸರಿ ಭಾವ" ಎಂದು ಚಿಕ್ಕಳಿಯ ತಿರುಗಿ ಹೊರಟ.

ಅಷ್ಟೇ. ಫೈರ್‌ಮನ್ನನನ್ನು ಕೇಳಲಿಲ್ಲ. ಚಿಮಣಿ ಕಡೆ ನೋಡಲಿಲ್ಲ, ಹೊಗೆಯ ವಾಸನೆ ಹಿಡಿಯಲಿಲ್ಲ. ನಾಳೆಯಿಂದ ತನ್ನ ಕುತ್ತಿಗೆಯನ್ನೂ ಅಷ್ಟು ಜನ ಬ್ರೇಕಿನವರ ಕುತ್ತಿಗೆಯನ್ನೂ ಈ ಒಂದು ಮಾತಿನ ಮೇಲಿಟ್ಟು ಏರು ಹತ್ತಬೇಕಾದವನು, ಒಮ್ಮೆ ಮೋಸ ಮಾಡಿದವನ ಮಾತು ಕೇಳಿಕೊಂಡು, ಕೈಬೀಸುತ್ತ ನಡೆದುಹೋಗುತ್ತಿದ್ದ. ಅವನ ಜಾಗದಲ್ಲಿ ತಾನಿದ್ದರೆ ಫೈರ್‌ಮನ್ನನ ಕೊರಳಪಟ್ಟಿ ಹಿಡಿದು ಕೇಳುತ್ತಿದ್ದೆ, ಆಣೆ ಮಾಡಿಸುತ್ತಿದ್ದೆ, ಆಮೇಲೂ ನಂಬುತ್ತಿರಲಿಲ್ಲ ಎಂದು ದೊಡ್ಡಳಿಯನಿಗೆ ಚೆನ್ನಾಗಿ ಗೊತ್ತಿತ್ತು. ಇಸ್ತ್ರಿಯ ಅಂಗಿ, ಹೊಸ ಎಂಜಿನ್, ಮಾವನ ಬಲಗಡೆ, ಇಷ್ಟು ದಿನ ಕರುಬಿದ್ದೆಲ್ಲ ಈಗ ಏನೂ ಅಲ್ಲ ಎನಿಸಿತು. ಬೆವರಿಗೆ ಅಂಟಿದ ಆ ಬೆನ್ನು ದೂರ ದೂರ ಹೋಗುವುದನ್ನು ನೋಡುತ್ತ ಹಿಂದೆಂದೂ ಇಲ್ಲದಷ್ಟು ಹೊಟ್ಟೆ ಉರಿಯಿತು ಅವನಿಗೆ.

"ಕೊಂಡಿ ಬಿಚ್ಚಲಾ?" ಎಂದು ಫೈರ್‌ಮನ್ ಕೇಳಿದ.

"ಬಿಚ್ಚು" ಎಂದ.